ಬಿಸಿಲಿನ ಲೆಕ್ಕ: ನಗರವೂ ವಿದ್ಯಾಸಂಸ್ಥೆಯೂ

ನೆರೆ ಬಂದರೆ ಊರಿಗೆಲ್ಲ ತಿಳಿಯುತ್ತದೆ. ಬೆಂಕಿ ಬಿದ್ದರೆ ಗಂಟೆ ಬಾರಿಸುತ್ತಾರೆ. ಬಿರುಗಾಳಿ ಬೀಸಿದರೆ ಮರುದಿನದ ಪತ್ರಿಕೆಯಲ್ಲಿ ಮುರಿದ ಮರಗಳ ಚಿತ್ರ ಅಚ್ಚಾಗುತ್ತದೆ. ಬಿಸಿಲು ಕೊಲ್ಲುವ ರೀತಿ ಬೇರೆ. ಅದು ಬಂದಾಗ ಮಾಡು ಹಾರುವುದಿಲ್ಲ, ಗೋಡೆ ಕುಸಿಯುವುದಿಲ್ಲ. ತಗಡಿನ ಮಾಡಿನ ಒಂದೇ ಕೋಣೆಯ ಮನೆಯಲ್ಲಿ ಮಲಗಿದ್ದ ಮುದುಕಿಯೊಬ್ಬಳು ಬೆಳಗಿನ ಹೊತ್ತಿಗೆ ಏಳುವುದಿಲ್ಲ, ಅಷ್ಟೆ. ವಯಸ್ಸಾಗಿತ್ತು ಎಂದು ನೆರೆಯವರು ಹೇಳುತ್ತಾರೆ. ಹೃದಯ ನಿಂತಿತು ಎಂದು ವೈದ್ಯರು ಬರೆಯುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಆ ಹೃದಯ ಆ ದಿನವೇ ಏಕೆ ನಿಂತಿತು ಎಂದು ಕೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ನಮ್ಮ ದೇಶದ ಒಂದು ನಗರ ಈ ಪ್ರಶ್ನೆಯನ್ನು ಕೇಳಿತು. ಉತ್ತರವನ್ನು ಹುಡುಕಲು ವಿದ್ವಾಂಸರ ನೆರವನ್ನು ಪಡೆಯಿತು. ದೊರೆತ ಉತ್ತರವನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕದೆ ಬೀದಿಗೆ ತಂದಿತು. ಅದು ಗುಜರಾತಿನ ಅಹಮದಾಬಾದು. ವಾಯುಗುಣವು ಬದಲಾಗುತ್ತಿರುವ ಈ ಕಾಲದಲ್ಲಿ ನಗರಗಳೂ ವಿಶ್ವವಿದ್ಯಾನಿಲಯಗಳೂ ಕೈಜೋಡಿಸಬೇಕೆಂದು ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಹಾಗೆ ಕೈಜೋಡಿಸುವುದೆಂದರೆ ನಿಜವಾಗಿ ಏನು ಮಾಡುವುದು ಎಂಬುದನ್ನು ತಿಳಿಯಲು ಈ ಒಂದು ಊರಿನ ಕಥೆ ಸಾಕು.

ನಗರ ಏಕೆ ಹೆಚ್ಚು ಕಾಯುತ್ತದೆ?

ಮೊದಲು ಬಿಸಿಲಿನ ಸಂಗತಿಯನ್ನೇ ಸ್ವಲ್ಪ ವಿಚಾರಿಸೋಣ. ೧೮೫೦ರಿಂದ ೧೯೦೦ರ ವರೆಗಿನ ಅವಧಿಯ ಸರಾಸರಿಗೆ ಹೋಲಿಸಿದರೆ, ೨೦೧೧ರಿಂದ ೨೦೨೦ರ ವರೆಗಿನ ದಶಕದಲ್ಲಿ ಭೂಮಿಯ ಮೇಲ್ಮೈಯ ಉಷ್ಣಮಾನ ಸುಮಾರು ೧.೧ ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಿತ್ತು. ಒಂದು ಡಿಗ್ರಿ ಯಾವ ಮಹಾ ವಿಷಯ ಎಂದು ತೋರಬಹುದು. ಆದರೆ ಇದು ಇಡೀ ಭೂಮಂಡಲದ, ಹಗಲಿರುಳುಗಳ, ಎಲ್ಲ ಋತುಗಳ ಸರಾಸರಿ. ಸರಾಸರಿ ಸ್ವಲ್ಪ ಸರಿದರೂ ತುದಿಯಲ್ಲಿರುವ ದಿನಗಳು ಬಹಳ ಸರಿಯುತ್ತವೆ. ಹಿಂದೆ ಅಪರೂಪವಾಗಿದ್ದ ಉರಿಬಿಸಿಲಿನ ದಿನಗಳು ಮತ್ತೆ ಮತ್ತೆ ಬರತೊಡಗುತ್ತವೆ.

ಇದರ ಮೇಲೆ ನಗರವು ತನ್ನದೇ ಆದ ಕಾವನ್ನು ಸೇರಿಸಿಕೊಳ್ಳುತ್ತದೆ. ಲಂಡನ್ ನಗರದ ಲ್ಯೂಕ್ ಹೋವರ್ಡ್ ಎಂಬಾತನು ವೃತ್ತಿಯಿಂದ ರಸಾಯನ ಪದಾರ್ಥಗಳ ತಯಾರಕ, ಅಭಿರುಚಿಯಿಂದ ಹವಾಮಾನದ ವೀಕ್ಷಕ. ಆ ನಗರದ ವಾಯುಗುಣವನ್ನು ಕುರಿತು ೧೮೧೮ರಲ್ಲಿ ತಾನು ಪ್ರಕಟಿಸತೊಡಗಿದ ಗ್ರಂಥದಲ್ಲಿ ಆತನು, ಸುತ್ತಣ ಹಳ್ಳಿಗಾಡಿಗಿಂತ ನಗರದ ನಡುಭಾಗವು, ಅದರಲ್ಲಿಯೂ ರಾತ್ರಿಯ ಹೊತ್ತು, ಹೆಚ್ಚು ಬೆಚ್ಚಗಿರುತ್ತದೆಂದು ತೋರಿಸಿಕೊಟ್ಟನು. ಕಾರಣ ಸುಲಭವಾಗಿ ತಿಳಿಯುವಂಥದು. ಕಲ್ಲು, ಕಾಂಕ್ರೀಟು, ಡಾಂಬರುಗಳು ಹಗಲೆಲ್ಲ ಬಿಸಿಲನ್ನು ಕುಡಿದು ಇರುಳೆಲ್ಲ ಅದನ್ನು ಬಿಡುತ್ತವೆ. ಮರಗಿಡಗಳೂ ಕೆರೆಗಳೂ ನೀರನ್ನು ಆವಿಯಾಗಿಸಿ ಗಾಳಿಯನ್ನು ತಂಪುಗೊಳಿಸುವ ಕೆಲಸವನ್ನು ನಗರದಲ್ಲಿ ಮಾಡುವವರಿಲ್ಲ. ಒತ್ತಾಗಿ ನಿಂತ ಕಟ್ಟಡಗಳ ನಡುವೆ ಗಾಳಿ ಆಡುವುದಿಲ್ಲ. ವಾಹನಗಳು, ಯಂತ್ರಗಳು, ಕೋಣೆಯನ್ನು ತಂಪುಮಾಡುವ ಸಾಧನಗಳು ಕೂಡ ತಮ್ಮ ಕಾವನ್ನು ಹೊರಗೆ, ಬೀದಿಗೇ ಚೆಲ್ಲುತ್ತವೆ. ಹೀಗಾಗಿ ಹಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಬರುವ ತಂಪು ನಗರದ ಓಣಿಗೆ ಬೆಳಗಿನ ಜಾವಕ್ಕೂ ಬಾರದೆ ಹೋಗುವುದುಂಟು. ಹಗಲ ಬಿಸಿಲಿನಿಂದ ಬಳಲಿದ ದೇಹಕ್ಕೆ ರಾತ್ರಿಯೂ ವಿಶ್ರಾಂತಿ ದೊರೆಯದಿದ್ದರೆ ಎರಡನೆಯ ದಿನದ ಬಿಸಿಲು ಮೊದಲನೆಯ ದಿನದಕ್ಕಿಂತ ಕ್ರೂರವಾಗುತ್ತದೆ.

ಕನ್ನಡದಲ್ಲಿ ಈ ಬಾಧೆಗೆ ಹಲವು ಮಾತುಗಳುಂಟು. ಒಣಗಾಳಿ ಮುಖಕ್ಕೆ ರಾಚಿದರೆ ಅದು ಝಳ. ಒಲೆಯ ಮುಂದೆ ಕುಳಿತಂತೆ ಮೈ ಸುಡುತ್ತಿದ್ದರೆ ಅದು ಧಗೆ. ಗಾಳಿಯಾಡದೆ, ಬೆವರು ಆರದೆ, ಮೈಯೆಲ್ಲ ಅಂಟಂಟಾದರೆ ಅದು ಸೆಕೆ. ರಾಯಚೂರಿನವರು ಝಳವನ್ನು ಬಲ್ಲರು, ಮಂಗಳೂರಿನವರು ಸೆಕೆಯನ್ನು ಬಲ್ಲರು. ಶರೀರಶಾಸ್ತ್ರಕ್ಕೂ ಈ ಭೇದ ಸಮ್ಮತವೇ. ನಮ್ಮ ದೇಹದ ಒಳಗಿನ ಉಷ್ಣಮಾನ ೩೭ ಡಿಗ್ರಿಯ ಆಸುಪಾಸಿನಲ್ಲಿ ಇರತಕ್ಕದ್ದು. ಹೊರಗಿನ ಗಾಳಿ ಚರ್ಮಕ್ಕಿಂತ ಹೆಚ್ಚು ಬಿಸಿಯಾದಾಗ ದೇಹಕ್ಕೆ ಉಳಿಯುವ ಉಪಾಯ ಒಂದೇ: ಬೆವರು ಸುರಿಸಿ, ಅದು ಆರುವಾಗ ಕಾವನ್ನು ಒಯ್ಯುವಂತೆ ಮಾಡುವುದು. ಝಳದಲ್ಲಿ ಬೆವರು ಬೇಗ ಆರುತ್ತದೆ, ಆದರೆ ದೇಹದ ನೀರೂ ಉಪ್ಪೂ ಬೇಗ ಬರಿದಾಗುತ್ತವೆ. ಸೆಕೆಯಲ್ಲಿ ಬೆವರು ಸುರಿದರೂ ಆರುವುದಿಲ್ಲ. ಆದುದರಿಂದ ಕಾವು ಒಳಗೇ ಉಳಿಯುತ್ತದೆ. ಎರಡರಲ್ಲಿಯೂ ಹೃದಯವು ಚರ್ಮದ ಕಡೆಗೆ ಹೆಚ್ಚು ಹೆಚ್ಚು ರಕ್ತವನ್ನು ನೂಕಬೇಕಾಗುತ್ತದೆ. ಬಲವಾದ ಹೃದಯ ಇದನ್ನು ತಾಳಿಕೊಂಡೀತು. ಮುಪ್ಪಿನ ಹೃದಯ, ರೋಗದ ಹೃದಯ ತಾಳಲಾರದು. ದೇಹದೊಳಗಿನ ಉಷ್ಣಮಾನ ೪೦ ಡಿಗ್ರಿಯನ್ನು ಮೀರಿ ಮನುಷ್ಯನು ತಡವರಿಸಿ ಮಾತನಾಡತೊಡಗಿದರೆ, ಎಚ್ಚರ ತಪ್ಪಿದರೆ, ಅದು ತಾಪಾಘಾತ; ಗಳಿಗೆ ತಡವಾದರೂ ಪ್ರಾಣಕ್ಕೆ ಅಪಾಯ. ಆದರೆ ಬಿಸಿಲಿನ ಸಾವುಗಳೆಲ್ಲ ಹೀಗೆ ಕಣ್ಣಿಗೆ ಕಾಣುವ ತಾಪಾಘಾತಗಳಲ್ಲ. ಹೃದಯದ ಹೆಸರಿನಲ್ಲಿ, ಮೂತ್ರಪಿಂಡದ ಹೆಸರಿನಲ್ಲಿ, ಉಸಿರಾಟದ ಹೆಸರಿನಲ್ಲಿ ಬರೆಯಲ್ಪಡುವ ಸಾವುಗಳೇ ಹೆಚ್ಚು. ಆದುದರಿಂದಲೇ ಅವು ಲೆಕ್ಕಕ್ಕೆ ಸಿಕ್ಕುವುದಿಲ್ಲ.

೨೦೧೦ರ ಮೇ ತಿಂಗಳು

ಸಾಬರಮತಿಯ ದಂಡೆಯ ಅಹಮದಾಬಾದಿಗೆ ಬಿಸಿಲು ಹೊಸದಲ್ಲ. ೧೪೧೧ರಲ್ಲಿ ಸುಲ್ತಾನ್ ಅಹಮದ್ ಷಹನು ಸ್ಥಾಪಿಸಿದ ಈ ನಗರದ ಹಳೆಯ ಭಾಗದಲ್ಲಿ ‘ಪೋಳ’ ಎಂದು ಕರೆಯುವ ಇಕ್ಕಟ್ಟಾದ ಓಣಿಗಳಿವೆ. ಎದುರುಬದುರಿನ ಮನೆಗಳು ಒಂದಕ್ಕೊಂದು ನೆರಳಾಗುವಂತೆ, ಒಳಗಿನ ಅಂಗಳದಿಂದ ಗಾಳಿ ಏಳುವಂತೆ ಅವುಗಳನ್ನು ಕಟ್ಟಿದ್ದಾರೆ. ಆದರೆ ನಗರ ಬೆಳೆದದ್ದು ಆ ಕೋಟೆಯ ಹೊರಗೆ. ಬಟ್ಟೆಯ ಗಿರಣಿಗಳ ಸುತ್ತ, ಹೊಸ ರಸ್ತೆಗಳ ಬದಿಗೆ, ತಗಡು ಮತ್ತು ಸಿಮೆಂಟು ಹಾಳೆಗಳ ಮಾಡಿನ ಕೆಳಗೆ ಲಕ್ಷಾಂತರ ಜನರು ಬಾಳುತ್ತಾರೆ. ನೆರಳಿನ ವಿದ್ಯೆ ಅಲ್ಲಿಗೆ ಬಂದು ತಲಪಲಿಲ್ಲ.

೨೦೧೦ನೆಯ ಇಸವಿಯ ಮೇ ೨೧ರಂದು ಅಲ್ಲಿನ ಉಷ್ಣಮಾನ ೪೬.೮ ಡಿಗ್ರಿಗೆ ಏರಿತು. ಹವಾಮಾನ ಇಲಾಖೆಯ ಉಷ್ಣಮಾಪಕ ನೆರಳಿನಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ ಇರುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಬಿಸಿಲಿನಲ್ಲಿ ಕಲ್ಲು ಹೊರುವವನಿಗೂ, ತಗಡಿನ ಕೆಳಗೆ ಅಡಿಗೆ ಮಾಡುವವಳಿಗೂ ಆ ಅಂಕಿ ಒಂದು ಸೌಮ್ಯವಾದ ವರದಿ ಮಾತ್ರ. ಆಸ್ಪತ್ರೆಗಳು ತುಂಬಿದುವು; ಸ್ಮಶಾನಗಳಿಗೆ ಬಿಡುವಿಲ್ಲವಾಯಿತು. ಮಳೆ ಬಂದಿತು. ಬಿಸಿಲಿನ ಮಾತನ್ನು ಜನ ಮರೆತರು. ಪ್ರತಿ ಬೇಸಗೆಯ ಕಥೆಯೂ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ.

ಈ ಸಲ ಹಾಗೆ ಮುಗಿಯಲಿಲ್ಲ. ಅಹಮದಾಬಾದಿನ ನಗರಪಾಲಿಕೆಯ ಬಳಿ ಒಂದು ದೊಡ್ಡ ಆಸ್ತಿಯಿತ್ತು. ಅದು ಹಣವಲ್ಲ, ಜನನ ಮರಣಗಳ ದಾಖಲೆ. ಪ್ರತಿ ಊರಿನ ಪೌರಸಭೆಯಲ್ಲಿಯೂ ಇಂಥ ದಾಖಲೆ ಇರುತ್ತದೆ. ಮರಣಪತ್ರ ಬೇಕಾದವರು ಬಂದಾಗ ಗುಮಾಸ್ತನು ಪುಟ ತಿರುವಿ ನಕಲು ಕೊಡುತ್ತಾನೆ; ಅದಕ್ಕಿಂತ ಹೆಚ್ಚಿನ ಉಪಯೋಗ ಅದಕ್ಕಿದೆ ಎಂದು ಯಾರೂ ಎಣಿಸುವುದಿಲ್ಲ. ಇತ್ತ ನೆರೆಯ ಗಾಂಧಿನಗರದಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಂಬ ವಿದ್ಯಾಸಂಸ್ಥೆಯೊಂದಿದೆ. ಅಂಕಿಗಳನ್ನು ಓದಿ ರೋಗದ ಹೆಜ್ಜೆಯನ್ನು ಪತ್ತೆಹಚ್ಚುವುದು ಅಲ್ಲಿನವರ ವಿದ್ಯೆ. ವೈದ್ಯರಾದ ದಿಲೀಪ್ ಮಾವಳಂಕರ್ ಅವರು ಮುಖ್ಯಸ್ಥರಾಗಿದ್ದ ಆ ಸಂಸ್ಥೆ ನಗರಪಾಲಿಕೆಯೊಡನೆ ಕಲೆತಿತು. ಅಮೆರಿಕದ ಎಮೋರಿ ವಿಶ್ವವಿದ್ಯಾನಿಲಯ, ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ವಿದ್ಯಾಲಯ, ಪ್ರಕೃತಿ ಸಂಪತ್ತಿನ ರಕ್ಷಣೆಗಾಗಿ ದುಡಿಯುವ ಎನ್.ಆರ್.ಡಿ.ಸಿ. ಎಂಬ ಸಂಘ, ಇವೂ ಜೊತೆಗೂಡಿದುವು.

ಅವರು ಮಾಡಿದ ಮೊದಲನೆಯ ಕೆಲಸ ಕೇವಲ ಎಣಿಕೆ. ೨೦೧೦ರ ಮೇ ತಿಂಗಳಿನಲ್ಲಿ ನಗರದಲ್ಲಿ ಎಷ್ಟು ಜನ ಸತ್ತರು? ೪,೪೬೨. ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳನ್ನು ನೋಡಿದರೆ ಎಷ್ಟು ಜನ ಸಾಯಬೇಕಿತ್ತು? ೩,೧೧೮. ಒಂದನ್ನು ಇನ್ನೊಂದರಿಂದ ಕಳೆದರೆ ಉಳಿಯುವುದು ೧,೩೪೪. ನೂರಕ್ಕೆ ನಲವತ್ತಮೂರರಷ್ಟು ಹೆಚ್ಚಳ. ಬೇಗೆ ಪರಮಾವಧಿಗೆ ಏರಿದ್ದ ಆ ವಾರದಲ್ಲಂತೂ ಸಾವು ವಾಡಿಕೆಯ ಇಮ್ಮಡಿಯ ಸಮೀಪಕ್ಕೆ ಹೋಗಿತ್ತು. ಈ ಲೆಕ್ಕ ೨೦೧೪ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಕಳೆಯುವ ಲೆಕ್ಕವನ್ನು ನನ್ನ ತರಗತಿಯ ಹುಡುಗರೂ ಮಾಡಬಲ್ಲರು. ಆದರೆ ಇದರ ಹಿಂದಿರುವ ಯುಕ್ತಿಯನ್ನು ಗಮನಿಸಬೇಕು. ಯಾವನೊಬ್ಬನ ಸಾವಿನ ಮುಂದೆಯೂ ನಿಂತು, ಇವನನ್ನು ಬಿಸಿಲೇ ಕೊಂದಿತು ಎಂದು ಸಾಧಿಸುವ ಗೋಜಿಗೆ ಇದು ಹೋಗುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಎಣಿಸಿ, ವಾಡಿಕೆಗಿಂತ ಹೆಚ್ಚಾದವರು ಎಷ್ಟು ಎಂದಷ್ಟೇ ಕೇಳುತ್ತದೆ. ಹೃದಯದ ಹೆಸರಿನಲ್ಲಿ ಅಡಗಿದ್ದ ಸಾವು, ಮುಪ್ಪಿನ ಹೆಸರಿನಲ್ಲಿ ಅಡಗಿದ್ದ ಸಾವು, ಎಲ್ಲವೂ ಆಗ ಬೆಳಕಿಗೆ ಬರುತ್ತವೆ. ದಾಖಲೆ ನಗರದ್ದು, ಅದನ್ನು ಓದುವ ಕಣ್ಣು ವಿದ್ಯಾಸಂಸ್ಥೆಯದು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಆ ೧,೩೪೪ ಜನ ಸತ್ತದ್ದೇ ಲೋಕಕ್ಕೆ ತಿಳಿಯುತ್ತಿರಲಿಲ್ಲ.

ಅಂಕಿ ಆಜ್ಞೆಯಾದ ಬಗೆ

ಎಣಿಕೆಯಿಂದ ಹೊರಟ ವಿದ್ವಾಂಸರು ಮುಂದಿನ ಪ್ರಶ್ನೆಗೆ ಬಂದರು: ಈ ಊರಿನಲ್ಲಿ ಎಷ್ಟು ಡಿಗ್ರಿಯಿಂದ ಸಾವು ಏರತೊಡಗುತ್ತದೆ? ದಿನದಿನದ ಉಷ್ಣಮಾನವನ್ನೂ ದಿನದಿನದ ಸಾವನ್ನೂ ಅಕ್ಕಪಕ್ಕ ಇಟ್ಟು ನೋಡಿ ಗಡಿಗಳನ್ನು ಹಾಕಿದರು. ೪೧.೧ರಿಂದ ೪೩ ಡಿಗ್ರಿಯ ಮುನ್ಸೂಚನೆ ಇದ್ದರೆ ಹಳದಿ, ೪೩.೧ರಿಂದ ೪೪.೯ರ ವರೆಗೆ ಕಿತ್ತಳೆ. ೪೫ ಡಿಗ್ರಿಯಿಂದ ಮೇಲೆ ಕೆಂಪು. ಈ ಗಡಿಗಳು ಅಹಮದಾಬಾದಿನವು. ಬೇರೆ ಊರಿನ ಗಡಿ ಬೇರೆ ಇದ್ದೀತು. ಸೆಕೆಯ ಊರಿನಲ್ಲಿ ಇದಕ್ಕಿಂತ ಬಹಳ ಕೆಳಗೇ ಅಪಾಯ ಮೊದಲಾಗಬಹುದು. ತಂಪಿಗೆ ಒಗ್ಗಿದ ಜನರ ಊರಿನಲ್ಲಿಯೂ ಹಾಗೆಯೇ. ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿಗೆ ಎರವಲು ತರುವುದು ಒಬ್ಬನ ಕನ್ನಡಕವನ್ನು ಇನ್ನೊಬ್ಬನು ಹಾಕಿಕೊಂಡಂತೆ.

೨೦೧೩ರಲ್ಲಿ ನಗರಪಾಲಿಕೆ ಬಿಸಿಲಿನ ಕಾರ್ಯಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದ ನಗರಗಳಲ್ಲಿ ಇಂಥದು ಇದೇ ಮೊದಲನೆಯದೆಂದು ಹೆಸರಾಗಿದೆ. ಮುನ್ಸೂಚನೆಯ ಕೆಲಸದಲ್ಲಿ ಆರಂಭದ ವರ್ಷಗಳಲ್ಲಿ ಜಾರ್ಜಿಯಾ ತಾಂತ್ರಿಕ ವಿದ್ಯಾಸಂಸ್ಥೆ ನೆರವಾಯಿತು. ಮುಂದೆ ಭಾರತದ ಹವಾಮಾನ ಇಲಾಖೆಯೇ ಅದನ್ನು ನೋಡಿಕೊಳ್ಳುವಂತಾಯಿತು. ಯೋಜನೆಯ ತಿರುಳು ಇಷ್ಟೆ: ಒಬ್ಬ ಅಧಿಕಾರಿಯನ್ನು ಇದಕ್ಕೆ ಹೊಣೆಗಾರನನ್ನಾಗಿ ಮಾಡಬೇಕು. ಮುನ್ಸೂಚನೆಯ ಅಂಕಿ ಅವನ ಕೈಗೆ ಬರಬೇಕು. ಅಂಕಿ ಗಡಿಯನ್ನು ದಾಟಿದ ಕೂಡಲೆ ಯಾರು ಯಾರು ಏನೇನು ಮಾಡತಕ್ಕದ್ದು ಎಂಬುದು ಮೊದಲೇ ಬರೆದಿರಬೇಕು. ಬಿಸಿಲು ಏರಿದ ಮೇಲೆ ಸಭೆ ಸೇರಿ ಚರ್ಚಿಸುವಂತಿಲ್ಲ.

ಕೆಂಪು ದಿನ ಬಂದಿತೆನ್ನಿ. ಉದ್ಯಾನಗಳ ಬಾಗಿಲನ್ನು ಮಧ್ಯಾಹ್ನ ಮುಚ್ಚುವಂತಿಲ್ಲ, ಏಕೆಂದರೆ ಮನೆಯಲ್ಲಿ ನೆರಳಿಲ್ಲದವರಿಗೆ ಮರದ ನೆರಳೇ ಮನೆ. ಕುಡಿಯುವ ನೀರಿನ ತಾಣಗಳನ್ನು ಹೆಚ್ಚಿಸಬೇಕು. ಆಸ್ಪತ್ರೆಗಳೂ ರೋಗಿಗಳನ್ನು ಒಯ್ಯುವ ವಾಹನಗಳೂ ಮಂಜುಗಡ್ಡೆಯ ಚೀಲಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು. ಬಡಾವಣೆಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು ಮುದುಕರನ್ನೂ ಬಸುರಿಯರನ್ನೂ ಎಳೆಯ ಮಕ್ಕಳನ್ನೂ ಕಂಡು ವಿಚಾರಿಸಬೇಕು. ಬಿಸಿಲಿನ ಏಟಿನ ಲಕ್ಷಣಗಳನ್ನು ವೈದ್ಯರೂ ದಾದಿಯರೂ ಬೇಸಗೆಗೆ ಮುಂಚೆಯೇ ಮತ್ತೊಮ್ಮೆ ಓದಿ ಮನನ ಮಾಡಿಕೊಂಡಿರಬೇಕು. ಗೋಡೆಯ ಭಿತ್ತಿಪತ್ರ, ದೂರವಾಣಿಯ ಸಂದೇಶ, ಪತ್ರಿಕೆ, ರೇಡಿಯೋ ಎಲ್ಲವೂ ಒಂದೇ ಮಾತನ್ನು ಹೇಳಬೇಕು: ನಾಳೆ ಕೆಂಪು, ನಡುಹಗಲು ಹೊರಗೆ ದುಡಿಯಬೇಡಿ, ಬಾಯಾರುವ ಮುಂಚೆಯೇ ನೀರು ಕುಡಿಯಿರಿ.

ಇವುಗಳಲ್ಲಿ ಯಾವುದೂ ಅದ್ಭುತವಲ್ಲ. ನೀರಿನ ತಾಣವೆಂದರೆ ನಮ್ಮ ಅರವಟ್ಟಿಗೆ. ಗುಜರಾತಿನಲ್ಲಿ ಅದನ್ನು ‘ಪರಬ’ ಎನ್ನುತ್ತಾರೆ. ಅರವಟ್ಟಿಗೆಗೆಂದು ದತ್ತಿ ಬಿಟ್ಟ ಮಾತು ಕನ್ನಡನಾಡಿನ ಶಾಸನಗಳಲ್ಲಿಯೂ ಬರುತ್ತದೆ. ಹೊಸತೇನೆಂದರೆ, ಅರವಟ್ಟಿಗೆ ಯಾವ ಬೀದಿಯಲ್ಲಿ, ಯಾವ ದಿನ, ಯಾರಿಗಾಗಿ ಬೇಕು ಎಂಬುದನ್ನು ಸತ್ತವರ ಲೆಕ್ಕ ನೋಡಿ ತೀರ್ಮಾನಿಸಿದುದು. ಹಿಂದಿನವರ ಪುಣ್ಯಕಾರ್ಯಕ್ಕೆ ಈಗಿನವರು ಗಣಿತವನ್ನು ಸೇರಿಸಿದರು.

ಎಳೆಗೂಸುಗಳ ಕೋಣೆ

ವಿದ್ಯೆ ಮತ್ತು ಆಡಳಿತ ಹೇಗೆ ಕಲೆಯಬೇಕೆಂಬುದಕ್ಕೆ ಅದೇ ಊರಿನ ಇನ್ನೊಂದು ನಿದರ್ಶನವಿದೆ. ಶಾರದಾಬೆನ್ ಆಸ್ಪತ್ರೆ ನಗರಪಾಲಿಕೆಗೆ ಸೇರಿದ್ದು. ಅಲ್ಲಿ ಹೆರಿಗೆಯ ವಾರ್ಡು ಕಟ್ಟಡದ ತೀರ ಮೇಲಿನ ಅಂತಸ್ತಿನಲ್ಲಿತ್ತು. ೨೦೧೦ರ ಬೇಸಗೆಯಲ್ಲಿ ಹುಟ್ಟಿದ ಎಳೆಗೂಸುಗಳು ಜ್ವರದಿಂದಲೂ ನೀರಿನಂಶ ಕಡಿಮೆಯಾಗಿಯೂ ತೀವ್ರ ಚಿಕಿತ್ಸೆಯ ಕೋಣೆಗೆ ಬಂದುವು. ದಾಖಲೆಗಳನ್ನು ತೆಗೆದು ಪರಿಶೀಲಿಸಿದಾಗ, ಉಷ್ಣಮಾನ ೪೨ ಡಿಗ್ರಿಯನ್ನು ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಇಂಥ ದಾಖಲಾತಿ ನೂರಕ್ಕೆ ನಲವತ್ತಮೂರರಷ್ಟು ಏರುತ್ತಿತ್ತೆಂದು ಕಂಡುಬಂದಿತು. ಬಿಸಿಲು ನೇರವಾಗಿ ಬೀಳುವ ಮಾಳಿಗೆಯ ಕೆಳಗೇ ಆ ವಾರ್ಡು ಇದ್ದಿತಷ್ಟೆ. ಹೊಸದಾಗಿ ಹುಟ್ಟಿದ ಕೂಸಿಗೆ ಬೆವರುವ ಶಕ್ತಿ ಕಡಿಮೆ. ಸೆಕೆಯಾಗುತ್ತಿದೆ ಎಂದು ಹೇಳಲು ಮಾತಿಲ್ಲ. ಹೊದಿಕೆಯನ್ನು ಒದೆದು ಸರಿಸಲೂ ಬಾರದು.

ಮುಂದೆ ವಾರ್ಡನ್ನು ಕೆಳಗಿನ ಅಂತಸ್ತಿಗೆ ವರ್ಗಾಯಿಸಿದರು. ಕೆಳಗಿನ ಅಂತಸ್ತು ಕೂಸುಗಳಿಗೆ ರಕ್ಷಣೆಯಾಯಿತೆಂದು ಅಧ್ಯಯನ ತೋರಿಸಿತು. ಒಂದು ಹೊಸ ಔಷಧಿ ಬೇಕಾಗಲಿಲ್ಲ, ಒಂದು ಹೊಸ ಯಂತ್ರ ಬೇಕಾಗಲಿಲ್ಲ. ಮಂಚಗಳನ್ನು ಕೆಳಗಿಳಿಸಿದ್ದು ಮಾತ್ರ. ಆದರೆ ಇಳಿಸಬೇಕೆಂದು ತಿಳಿಯಲು ಒಬ್ಬರು ಕುಳಿತು ಹಳೆಯ ದಾಖಲೆಗಳನ್ನು ಓದಬೇಕಾಯಿತು. ಓದಿದ್ದನ್ನು ಕೇಳಿ ಇನ್ನೊಬ್ಬರು ಆಜ್ಞೆ ಹೊರಡಿಸಬೇಕಾಯಿತು.

ಮಾಡುಗಳಿಗೆ ಸುಣ್ಣ ಬಳಿಯುವ ಉಪಾಯವೂ ಇಂಥದೇ. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಮೇಲ್ಮೈ ಹೀರಿಕೊಳ್ಳುತ್ತದೆ. ೨೦೧೭ರಲ್ಲಿ ಅಹಮದಾಬಾದಿನ ಬಡ ಬಡಾವಣೆಗಳ ಸುಮಾರು ಮೂರು ಸಾವಿರ ಮಾಡುಗಳನ್ನು ಬೆಳ್ಳಗೆ ಮಾಡುವ ಕೆಲಸವನ್ನು ನಗರಪಾಲಿಕೆ ಕೈಗೊಂಡಿತು. ಬೇಸಗೆಗೆ ಮುಂಚೆ ಮಾಳಿಗೆಗೆ ಸುಣ್ಣ ಹಚ್ಚುವ ವಾಡಿಕೆಯುಳ್ಳ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾದ್ದೇ ಇಲ್ಲ.

ಫಲವೇನು, ಕೊರತೆಯೇನು?

ಇಷ್ಟೆಲ್ಲ ಮಾಡಿದ್ದರಿಂದ ಜೀವ ಉಳಿಯಿತೆ? ಯೋಜನೆಗೆ ಮುಂಚಿನ ಮತ್ತು ನಂತರದ ವರ್ಷಗಳನ್ನು ಹೋಲಿಸಿ, ವರ್ಷಕ್ಕೆ ಸರಾಸರಿ ಸುಮಾರು ೧,೧೯೦ ಸಾವುಗಳು ತಪ್ಪಿದುವೆಂದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಂದಾಜು ಅಂದಾಜೇ. ಬದುಕಿ ಉಳಿದವನ ಹಣೆಯ ಮೇಲೆ ಇವನನ್ನು ಯೋಜನೆ ಉಳಿಸಿತು ಎಂದು ಬರೆದಿರುವುದಿಲ್ಲ. ಆದರೂ ಇಂಥ ಅನುಭವ ಅಹಮದಾಬಾದಿನದು ಮಾತ್ರವಲ್ಲ. ಅಮೆರಿಕದ ಫಿಲಡೆಲ್ಫಿಯ ನಗರ ೧೯೯೩ರ ಬೇಗೆಯಲ್ಲಿ ಪೆಟ್ಟು ತಿಂದು, ೧೯೯೫ರಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯದವರ ನೆರವಿನಿಂದ ಎಚ್ಚರಿಕೆಯ ಏರ್ಪಾಟೊಂದನ್ನು ಮಾಡಿಕೊಂಡಿತು. ಬೇಗೆಯ ದಿನಗಳಲ್ಲಿ ಬೀದಿಗೊಬ್ಬ ಸ್ವಯಂಸೇವಕನು ಒಂಟಿಯಾಗಿರುವ ವೃದ್ಧರ ಬಾಗಿಲು ತಟ್ಟಿ ವಿಚಾರಿಸುವುದೂ ಅದರ ಒಂದು ಭಾಗ. ೧೯೯೫ರಿಂದ ೧೯೯೮ರ ವರೆಗೆ ಅಲ್ಲಿ ೧೧೭ ಜೀವಗಳು ಉಳಿದುವೆಂದು ಅಂದಾಜಾಗಿದೆ.

ಅಹಮದಾಬಾದಿನ ಮೇಲ್ಪಂಕ್ತಿ ದೇಶದಲ್ಲಿ ಹಬ್ಬಿತು. ೨೦೧೬ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಬಿಸಿಗಾಳಿಯ ಬಗ್ಗೆ ಮಾರ್ಗಸೂಚಿಯನ್ನು ಹೊರಡಿಸಿತು. ಹಲವು ರಾಜ್ಯಗಳೂ ನಗರಗಳೂ ಯೋಜನೆಗಳನ್ನು ಬರೆದುವು. ಆದರೆ ಬರೆಯುವುದು ಬೇರೆ, ಮಾಡುವುದು ಬೇರೆ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಎಂಬ ಸಂಸ್ಥೆ ೨೦೨೩ರಲ್ಲಿ ಇಂಥ ೩೭ ಯೋಜನೆಗಳನ್ನು ಪರಿಶೀಲಿಸಿತು. ಹಣ ಎಲ್ಲಿಂದ ಬರಬೇಕೆಂಬುದನ್ನು ಕುರಿತು ಮಾತನಾಡಿದುವು ಅವುಗಳಲ್ಲಿ ೧೧ ಮಾತ್ರ. ಯಾವ ಜನರು, ಯಾವ ಬಡಾವಣೆಗಳು ಹೆಚ್ಚು ಅಪಾಯದಲ್ಲಿವೆ ಎಂದು ತಾವೇ ಅಳೆದು ನೋಡಿದುವು ಎರಡು ಮಾತ್ರ. ಉಳಿದುವು ಎಲ್ಲಿಂದಲೋ ನೋಡಿ ಬರೆದ ಉತ್ತರದಂತೆ ಇದ್ದುವು. ನೋಡಿ ಬರೆದ ಉತ್ತರಕ್ಕೆ ಪರೀಕ್ಷೆಯಲ್ಲಿ ಅಂಕ ದೊರೆತರೂ ದೊರೆತೀತು. ಬಿಸಿಲಿನ ಮುಂದೆ ಅದು ನಡೆಯದು.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದುದು. ನಡುಹಗಲು ದುಡಿಯಬೇಡಿ ಎಂದು ರೇಡಿಯೋ ಹೇಳಿದಾಗ ಮನೆಯಲ್ಲಿ ಕುಳಿತು ಕೇಳುವ ನಮಗೆ ಅದು ಹಿತವಚನ. ದಿನಗೂಲಿಯವನಿಗೆ ಅದು ಅಂದಿನ ಊಟದ ಪ್ರಶ್ನೆ. ಕೆಲಸದ ವೇಳೆಯನ್ನು ಬೆಳಗಿಗೂ ಸಂಜೆಗೂ ಸರಿಸಿ, ಕೂಲಿಯನ್ನು ಕಡಿಮೆ ಮಾಡದೆ ಇದ್ದರೆ ಮಾತ್ರ ಎಚ್ಚರಿಕೆ ಅವನ ಪಾಲಿಗೆ ಎಚ್ಚರಿಕೆಯಾಗುತ್ತದೆ. ನಮ್ಮ ನಾಡಿನ ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆಯ ಕಡೆಯಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ೮ ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ರೂಢಿಯಿದೆ. ಬೀಸಣಿಗೆಯ ಕೆಳಗೆ ಕೂಡುವ ಗುಮಾಸ್ತನಿಗೆ ಸಲ್ಲುವ ಈ ನ್ಯಾಯ ರಸ್ತೆಗೆ ಡಾಂಬರು ಹಾಕುವವನಿಗೂ ಸಲ್ಲಬೇಡವೆ?

ನಮ್ಮ ಕಡೆಯ ಮಾತು

ವಾಯುಗುಣದ ಬದಲಾವಣೆ ಬಿಸಿಲಾಗಿ ಮಾತ್ರ ಬರುವುದಿಲ್ಲ. ಒಮ್ಮೆಲೇ ಸುರಿಯುವ ಮಳೆಯಾಗಿಯೂ ಬರುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಕೂಡಿ ಈ ಮಳೆಯ ವಿಷಯದಲ್ಲಿ ಕೆಲಸ ಮಾಡಿವೆ. ನಗರದ ಹಲವೆಡೆ ಮಳೆಮಾಪಕಗಳನ್ನೂ ಕಾಲುವೆಗಳಲ್ಲಿ ನೀರಿನ ಮಟ್ಟವನ್ನು ತಿಳಿಸುವ ಸಾಧನಗಳನ್ನೂ ಇರಿಸಿ, ಎಷ್ಟು ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆಂದು ಗಣಿತದಿಂದ ಮುಂಚಿತವಾಗಿ ಹೇಳುವ ಏರ್ಪಾಟು ಅದು. ೨೦೨೦ರಲ್ಲಿ ಈ ಮಾಹಿತಿಯನ್ನು ಜನರ ಕೈಯಲ್ಲಿರುವ ದೂರವಾಣಿಗೆ ತಲಪಿಸುವ ಸಾಧನವೊಂದು ಬಂದಿತು. ಅದಕ್ಕೆ ‘ಮೇಘ ಸಂದೇಶ’ ಎಂದು ಹೆಸರಿಟ್ಟರು. ಕಾಳಿದಾಸನ ಮೇಘದೂತಕ್ಕೆ ಇರುವ ಇನ್ನೊಂದು ಹೆಸರು ಅದೇ. ಯಕ್ಷನ ಮೋಡ ವಿರಹದ ವಾರ್ತೆಯನ್ನು ಹೊತ್ತರೆ ಈ ಮೋಡ ನೆರೆಯ ವಾರ್ತೆಯನ್ನು ಹೊತ್ತು ತರುತ್ತದೆ.

ಆದರೆ ೨೦೨೨ರ ಸೆಪ್ಟೆಂಬರಿನಲ್ಲಿ ಮಹಾಮಳೆ ಬಂದು ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿ, ಜನರು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಬರಬೇಕಾದುದನ್ನು ನಾವೆಲ್ಲ ಕಂಡೆವು. ಸಂದೇಶ ಬಂದರೂ ನೀರಿಗೆ ಹರಿದು ಹೋಗಲು ದಾರಿ ಬೇಕಷ್ಟೆ. ಒಂದು ಕೆರೆ ತುಂಬಿದರೆ ಇನ್ನೊಂದಕ್ಕೆ ಹರಿಯುವಂತೆ ಹಿಂದಿನವರು ತೋಡಿದ ಕಾಲುವೆಗಳ ಮೇಲೆ ಕಟ್ಟಡಗಳು ಎದ್ದು ನಿಂತಿದ್ದುವು. ವಿದ್ಯಾಸಂಸ್ಥೆ ಹೇಳಬಲ್ಲದು, ಕಾಲುವೆಯನ್ನು ತೆರವು ಮಾಡಿಸುವ ಅಧಿಕಾರ ಅದಕ್ಕಿಲ್ಲ. ಅದು ನಗರಾಡಳಿತದ ಧರ್ಮ. ಈ ಎರಡರ ನಡುವೆ ಒಂದು ಮೆಟ್ಟಿಲು ತಪ್ಪಿದರೂ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ನಮ್ಮ ಸಣ್ಣ ಊರುಗಳಲ್ಲಿ ದೊಡ್ಡ ವಿಜ್ಞಾನ ಸಂಸ್ಥೆಗಳಿಲ್ಲ ಎಂದು ಕೈಕಟ್ಟಿ ಕೂಡಬೇಕಾಗಿಲ್ಲ. ಈಗ ಜಿಲ್ಲೆ ಜಿಲ್ಲೆಯಲ್ಲಿಯೂ ಕಾಲೇಜುಗಳಿವೆ. ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗಳಿದ್ದಾರೆ, ಭೂಗೋಳದ ಅಧ್ಯಾಪಕರಿದ್ದಾರೆ. ಪೌರಸಭೆಯಲ್ಲಿ ಹತ್ತಿಪ್ಪತ್ತು ವರ್ಷಗಳ ಮರಣದ ದಾಖಲೆಗಳಿವೆ. ಸತ್ತವರ ಹೆಸರುಗಳನ್ನು ಮರೆಸಿ, ದಿನಾಂಕ, ವಯಸ್ಸು, ವಾರ್ಡುಗಳನ್ನು ಮಾತ್ರ ಪೌರಸಭೆ ಕಾಲೇಜಿಗೆ ಕೊಡಲಿ. ಹವಾಮಾನ ಇಲಾಖೆಯ ದಿನವಹಿ ಉಷ್ಣಮಾನವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಲಿ. ಮಾರುಕಟ್ಟೆಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ, ತಗಡಿನ ಮಾಡಿನ ಮನೆಯಲ್ಲಿ ಒಂದೊಂದು ಉಷ್ಣಮಾಪಕವನ್ನು ತೂಗುಹಾಕಿ ಒಂದು ಬೇಸಗೆಯೆಲ್ಲ ಬರೆದಿಡಲಿ. ಕಲಬುರಗಿಯ ಗಡಿ ಎಷ್ಟು, ಬಳ್ಳಾರಿಯದು ಎಷ್ಟು, ಸೆಕೆಯ ಮಂಗಳೂರಿನದು ಎಷ್ಟು ಎಂಬುದಕ್ಕೆ ಉತ್ತರ ಆಯಾ ಊರಿನ ದಾಖಲೆಗಳಲ್ಲಿಯೇ ಇದೆ, ಹೊರಗಿನಿಂದ ಬರುವಂಥದಲ್ಲ. ಇಂಥ ಕೆಲಸದಿಂದ ವಿದ್ಯಾರ್ಥಿಗೆ ವಿದ್ಯೆ ಬರುತ್ತದೆ, ಊರಿಗೆ ಒಂದು ಅಂಕಿ ದೊರೆಯುತ್ತದೆ. ಆ ಅಂಕಿಯನ್ನು ಹಿಡಿದು ಯಾವ ಬೀದಿಗೆ ಅರವಟ್ಟಿಗೆ, ಯಾವ ಶಾಲೆಗೆ ಮರ, ಯಾವ ಆಸ್ಪತ್ರೆಯ ಯಾವ ವಾರ್ಡು ಕೆಳಗಿಳಿಯಬೇಕು ಎಂಬುದನ್ನು ಪೌರಸಭೆ ತೀರ್ಮಾನಿಸಬಹುದು.

ರೇಡಿಯೋ ಇರುವ ಮನೆಯವರಿಗೂ ಇದರಲ್ಲಿ ಒಂದು ಪಾಲುಂಟು. ವಾರ್ತೆಯ ಕೊನೆಯಲ್ಲಿ ಬರುವ ಹವಾಮಾನದ ವರದಿಯನ್ನು ಸಾಮಾನ್ಯವಾಗಿ ನಾವು ಗುಂಡಿ ತಿರುಗಿಸುವ ಹೊತ್ತು ಎಂದು ತಿಳಿದಿರುತ್ತೇವೆ. ಮುಂದಿನ ಬೇಸಗೆಯಿಂದ ಅದನ್ನು ಕೊನೆಯ ವರೆಗೆ ಕೇಳೋಣ. ಬೇಗೆಯ ಮುನ್ಸೂಚನೆ ಬಂದ ಸಂಜೆ, ಬೀದಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯ ಬಾಗಿಲನ್ನು ತಟ್ಟಿ, ನಾಳೆ ಮಧ್ಯಾಹ್ನ ನಮ್ಮ ಪಡಸಾಲೆಗೆ ಬನ್ನಿ ಎಂದು ಹೇಳಿ ಬರೋಣ. ಬಾಗಿಲಿಗೆ ಬರುವ ತರಕಾರಿಯವಳಿಗೆ ಚಿಲ್ಲರೆಯ ಜೊತೆಗೆ ಒಂದು ಚೊಂಬು ನೀರನ್ನೂ ಕೊಡೋಣ. ನಮ್ಮ ಪೌರಸಭೆಯ ಸದಸ್ಯರು ಮತ ಕೇಳಲು ಬಂದಾಗ, ಕಳೆದ ಮೇ ತಿಂಗಳಿನಲ್ಲಿ ನಮ್ಮ ಊರಿನಲ್ಲಿ ಎಷ್ಟು ಜನ ಸತ್ತರು, ಅದರ ಹಿಂದಿನ ವರ್ಷ ಎಷ್ಟು ಎಂದು ಕೇಳೋಣ. ಉತ್ತರ ಅವರಿಗೆ ಒಡನೆಯೇ ತಿಳಿಯದಿರಬಹುದು. ಕೇಳಿದವರು ಹತ್ತು ಮಂದಿಯಾದರೆ, ದಾಖಲೆಯ ಪುಟಗಳನ್ನು ತಿರುವಿ ನೋಡುವ ಕೆಲಸ ಅಂ‌ದಿಗೆ ಮೊದಲಾಗುತ್ತದೆ.